ಶನಿವಾರ ಗಾಣ ಕಟ್ಟದವರು

ಜೋಡೆತ್ತು ಮುದ್ರಣಾಲಯ, ಶಿವಾಜಿನಗರ
12 ಆಗಸ್ಟ್ 2024

ಸೊಸೆ ಪೂಜಿತಾ,

ಹೀಬ್ರೂ ಒಂದನ್ನು ಬಿಟ್ಟು ಈ ಭೂಮಿಯ ಮೇಲಿನ ಸಕಲ ಭಾಷೆಗಳನ್ನೂ ಬಲ್ಲ ನಿನ್ನ ಸೋದರಮಾವ ಅಮೃತಪ್ಪ ಬರೆಯುತ್ತಿರುವ ಕಾಗದ. ಆ ಒಂದನ್ನೂ ಕಲಿತುಬಿಡುತ್ತಿದ್ದೆ. ಓದಿದವರ ಹೊಟ್ಟೆ ಮೇಲೆ ಹೊಡೆಯಬಾರದೆಂದು ಬಿಟ್ಟುಕೊಟ್ಟೆ. ಊರಿನ ಸ್ಕೂಲಿನಲ್ಲಿ ಏಳನೇ ಕ್ಲಾಸಿಗೇ ನಿಂತದ್ದೂ ಅದೇ ದಯೆಯಿಂದ. ಇನ್ನೊಂದು ವರ್ಷ ಕೂತಿದ್ದರೆ ನಮ್ಮ ಮೇಷ್ಟ್ರು ಕೆಲಸ ಕಳೆದುಕೊಳ್ಳುತ್ತಿದ್ದರು.

ವಿಷಯಕ್ಕೆ ಬರುತ್ತೇನೆ. ನಮ್ಮ ಪ್ರೆಸ್ಸಿನಿಂದ ವಿದ್ಯಾರ್ಥಿಗಳಿಗೆ ಒಂದೊಂದು ಧರ್ಮದ ಪರಿಚಯ ಮಾಡಿಸುವ ಆರು ಪುಸ್ತಕ ಬಂದಿರುವುದು ನಿನಗೆ ಗೊತ್ತು. ಏಳನೆಯದು ಯೆಹೂದಿಗಳದ್ದು. ಅದನ್ನು ನೀನು ಬರೆಯಬೇಕು. ಒಂದು ಭಾರೀ ವಿದ್ಯಾಸಂಸ್ಥೆ ಮೂರು ಸಾವಿರ ಪ್ರತಿಗೆ ಆರ್ಡರ್ ಕೊಟ್ಟು ನನ್ನ ಬಾಗಿಲಲ್ಲಿ ಕಾರು ನಿಲ್ಲಿಸಿಕೊಂಡು ಕಾಯುತ್ತಿದೆ. ಹೆಸರು ಕೇಳಬೇಡ. ದೊಡ್ಡವರು ಹೆಸರು ಹೇಳಿಸಿಕೊಳ್ಳುವುದಿಲ್ಲ.

ಅರವತ್ತನಾಲ್ಕು ಪುಟ ಸಾಕು. ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ ಅರ್ಥವಾಗಬೇಕು, ಅಂದರೆ ನನಗೆ ಅರ್ಥವಾಗಬೇಕು. ಡಿಸೆಂಬರ್ ಇಪ್ಪತ್ತಕ್ಕೆ ಪುಸ್ತಕ ಕೈಯಲ್ಲಿರಬೇಕು. ನಿನಗೆ ಹತ್ತು ಸಾವಿರ ಗೌರವಧನ, ಸಂಸ್ಥೆಯದ್ದು. ಧಾರವಾಡದ ಕಾಲೇಜಿನಲ್ಲಿ ಫಿಲಾಸಫಿ ಹೇಳಿಕೊಡುವವಳು ನೀನು, ನಿನಗಿದು ನೀರು ಕುಡಿದಷ್ಟು ಸಲೀಸು.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ. ವಾಟ್ಸಾಪೂ ಬೇಡ, ಅದನ್ನು ನಿನ್ನ ಅತ್ತೆ ಓದುತ್ತಾಳೆ. ಪ್ರೆಸ್ಸಿನ ವಿಳಾಸಕ್ಕೇ ಕಾಗದ ಹಾಕು.

ಇಂತಿ, ಆರು ಧರ್ಮ ಮುಗಿಸಿದ
ಅಮೃತಪ್ಪ


ಧಾರವಾಡ
19 ಆಗಸ್ಟ್ 2024

ಮಾವಾ,

ಆರು ಧರ್ಮ ಮುಗಿಸಿದ್ದೀರಿ ಎಂಬುದನ್ನು ನಾನು ಬೇರೆ ಅರ್ಥದಲ್ಲಿ ಒಪ್ಪುತ್ತೇನೆ. ಜೈನ ಧರ್ಮದ ಪುಸ್ತಕದ ಹಿಂಬದಿಗೆ ಈರುಳ್ಳಿ ಮಂಡಿಯ ಜಾಹೀರಾತು ಹಾಕಿದವರು ನೀವೇ ಅಲ್ಲವೇ? ಆ ಪುಸ್ತಕವನ್ನು ನನ್ನ ಸಹೋದ್ಯೋಗಿ ಜಿನೇಂದ್ರ ಅವರಿಗೆ ಹೆಮ್ಮೆಯಿಂದ ಕೊಟ್ಟಿದ್ದೆ. ಅವರು ಎರಡು ದಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರಲಿಲ್ಲ.

ಬರೆಯುತ್ತೇನೆ. ಮೂರು ಷರತ್ತು. ಜಾಹೀರಾತು ಇರಕೂಡದು. ಮುಖಪುಟದಲ್ಲಿ ದೇವರ ಪಟ ಇರಕೂಡದು. ಅವರ ದೇವರಿಗೆ ರೂಪವಿಲ್ಲ, ಪಟ ಬರೆಯುವುದೇ ನಿಷಿದ್ಧ. ನಿಮ್ಮ ಪೇಂಟರಿಗೆ ಗಡ್ಡ ಬಿಡಿಸುವ ಆಸೆಯಿದ್ದರೆ ನಿಮಗೇ ಬಿಡಿಸಲಿ. ಮೂರನೆಯದು ಮುಖ್ಯ. ಅಚ್ಚಿಗೆ ಹೋಗುವ ಮುನ್ನ ಇದನ್ನು ಒಬ್ಬ ಯೆಹೂದಿ ಓದಬೇಕು. ನಾನು ಅವರ ತತ್ತ್ವಶಾಸ್ತ್ರವನ್ನು ವರ್ಷಗಟ್ಟಲೆ ಓದಿದ್ದೇನೆ ನಿಜ, ಆದರೆ ಅವರ ಮನೆಯ ಬಾಗಿಲನ್ನು ಒಮ್ಮೆಯೂ ತಟ್ಟಿಲ್ಲ. ಬೆಂಗಳೂರಿನಲ್ಲಿ ಇದ್ದಾರೆಯೇ? ನಿಮ್ಮ ಆ ಭಾರೀ ಸಂಸ್ಥೆಯನ್ನೇ ಕೇಳಿ ನೋಡಿ.

ಮೊದಲ ಅಧ್ಯಾಯ ಜೊತೆಗಿದೆ.

ಪೂಜಿತಾ


ಶಿವಾಜಿನಗರ
2 ಸೆಪ್ಟೆಂಬರ್ 2024

ಸೊಸೆ ಪೂಜಿತಾ,

ಬೆಂಗಳೂರಿನಲ್ಲಿ ಇದ್ದಾರೆಯೇ ಅಂತ ನನ್ನನ್ನು ಕೇಳುತ್ತೀಯಾ? ಅವರು ನಮ್ಮ ನೆಂಟರು ಕಣಮ್ಮ!

ಜೀವನ್ ಬಿಮಾ ನಗರದಲ್ಲಿ ದೀನಾ ಪೇಣ್ಕರ್ ಅಂತ ಒಬ್ಬ ಹಿರಿಯರಿದ್ದಾರೆ. ಯಜಮಾನರು ವಿಮಾನ ಕಾರ್ಖಾನೆಯಲ್ಲಿದ್ದರು, ಈಗಿಲ್ಲ. ಮೂಲ ಕೊಂಕಣದ ಕಡೆಯವರು. ಮನೆಯಲ್ಲಿ ಮರಾಠಿ, ಹೊರಗೆ ನಮ್ಮ ನಿಮ್ಮ ಹಾಗೇ ಕನ್ನಡ. ಪ್ರತಿ ವರ್ಷ ಈ ಕಾಲಕ್ಕೆ ಬಂದು ತಮ್ಮವರ ಹಬ್ಬಗಳ ಒಂದು ಹಾಳೆಯ ಕ್ಯಾಲೆಂಡರ್ ಅಚ್ಚು ಹಾಕಿಸುತ್ತಾರೆ, ಊರಿನ ನಾಲ್ಕಾರು ಮನೆಗೆ ಹಂಚಲು. ಎಷ್ಟೋ ವರ್ಷದಿಂದ ಹಾಕಿಕೊಡುತ್ತಿದ್ದೇನೆ. ಯಾರ ಹಬ್ಬ, ಏನು ಹಬ್ಬ ಅಂತ ಒಮ್ಮೆಯೂ ಕೇಳಿರಲಿಲ್ಲ. ಈ ಸಲ ಕೇಳಿದೆ. ಅವರ ಪೂರ್ವಿಕರು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ತೆಗೆಯುತ್ತಿದ್ದರಂತೆ. ವಾರವೆಲ್ಲಾ ಗಾಣ ಓಡಿಸಿ ಶನಿವಾರ ಮಾತ್ರ ಎತ್ತು ಬಿಚ್ಚಿಬಿಡುತ್ತಿದ್ದರಂತೆ. ಅದಕ್ಕೆ ಊರವರು ಅವರನ್ನು ಶನಿವಾರದ ಗಾಣಿಗರು ಅಂತಲೇ ಕರೆಯುತ್ತಿದ್ದರಂತೆ.

ನಾವು ಯಾರು? ಕೆ.ಆರ್. ಪುರದಾಚೆಯ ಗಾಣಿಗರು. ನಮ್ಮ ತಾತ ಯಾವತ್ತು ಎತ್ತು ಬಿಚ್ಚುತ್ತಿದ್ದ? ಸೋಮವಾರ. ಬಸವನ ವಾರ, ನೊಗ ಹೂಡುವಂತಿಲ್ಲ. ಅವರಿಗೂ ನಮಗೂ ಎರಡು ದಿನದ ವ್ಯತ್ಯಾಸ, ಅಷ್ಟೆ. ದಾಯಾದಿಗಳ ನಡುವೆ ಅಷ್ಟೂ ಇರುವುದಿಲ್ಲವೇ?

ನಿನ್ನ ಮೊದಲ ಅಧ್ಯಾಯ ಓದಿದೆ. ಮೊದಲ ವಾಕ್ಯವೇ ‘ಏಕದೇವೋಪಾಸನೆಯ ಐತಿಹಾಸಿಕ ವಿಕಾಸದ ಹಿನ್ನೆಲೆಯಲ್ಲಿ’ ಅಂತ ಶುರುವಾಗುತ್ತದೆ. ನನಗೆ ಒಳ್ಳೆ ನಿದ್ದೆ ಬಂತು, ಅದಕ್ಕೆ ಥ್ಯಾಂಕ್ಸ್. ಮಕ್ಕಳ ಪುಸ್ತಕ ಎತ್ತಿನಿಂದ ಶುರುವಾಗಲಿ.

ಇನ್ನೊಂದು ಸಣ್ಣ ವಿಷಯ. ದೀನಮ್ಮನವರ ಮೊಮ್ಮಗಳು ಅವಿವಾ, ಒಂಬತ್ತನೇ ಕ್ಲಾಸು, ಬಾಯಿ ಬೊಂಬಾಯಿ. ಸ್ಕೂಲಿನಲ್ಲಿ ಪ್ರತಿ ಡಿಸೆಂಬರಿನಲ್ಲಿ ‘ನಮ್ಮ ಮನೆ, ನಮ್ಮ ನಂಬಿಕೆ’ ಅಂತ ಪ್ರದರ್ಶನವಂತೆ. ಮಕ್ಕಳು ತಮ್ಮ ತಮ್ಮ ಮೇಜಿನ ಮೇಲೆ ದೀಪ, ಪುಸ್ತಕ, ತಿಂಡಿ ಇಟ್ಟು ಬಂದವರಿಗೆ ವಿವರಿಸಬೇಕು. ಹೋದ ವರ್ಷ ಇವಳಿಗೆ ಮೇಜೇ ಇಲ್ಲ. ಮಿಸ್ಸು, ‘ನೀನು ಕ್ರಿಶ್ಚಿಯನ್ಸ್ ಜೊತೆ ನಿಂತ್ಕೊಳಮ್ಮ, ಎಲ್ಲಾ ಒಂದೇ ಅಲ್ವಾ’ ಅಂದರಂತೆ. ನಿಂತಳಂತೆ. ಮನೆಗೆ ಬಂದು, ‘ಅಜ್ಜಿ, ನಮ್ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕಾನೂ ಇಲ್ವಾ?’ ಅಂತ ಕೇಳಿದಳಂತೆ.

ಸುಮ್ಮನೆ ಹೇಳಿದೆ. ನಮ್ಮ ಆರ್ಡರಿಗೂ ಅದಕ್ಕೂ ಏನೂ ಸಂಬಂಧವಿಲ್ಲ.

ಅಮೃತಪ್ಪ


ಧಾರವಾಡ
13 ಸೆಪ್ಟೆಂಬರ್ 2024

ಮಾವಾ,

ನಿಮ್ಮ ಕಾಗದ ಓದಿ ಸಿಟ್ಟಿನಿಂದ ಎರಡು ದಿನ ಉತ್ತರ ಬರೆಯಲಿಲ್ಲ. ಪಿಎಚ್‌.ಡಿ. ಮಾಡಿದವಳಿಗೆ ಎತ್ತಿನಿಂದ ಶುರುಮಾಡು ಎನ್ನುತ್ತೀರಲ್ಲ! ಮೂರನೆಯ ದಿನ, ನೀವು ತಪ್ಪೆಂದು ತೋರಿಸಲಿಕ್ಕಾಗಿಯೇ ಅವರ ಶಾಸ್ತ್ರ ತೆಗೆದು ನೋಡಿದೆ. ವಾರಕ್ಕೊಂದು ದಿನ ಎಲ್ಲರೂ ಕೆಲಸ ನಿಲ್ಲಿಸಬೇಕೆಂಬ ಆ ಅಪ್ಪಣೆಯಲ್ಲಿ ಮನೆಯವರು, ಆಳುಗಳು, ಊರಿಗೆ ಬಂದ ಪರಕೀಯರು ಎಲ್ಲರ ಜೊತೆ ಎತ್ತಿನ ಹೆಸರೂ ಇದೆ. ಎಷ್ಟೋ ಸಲ ಓದಿದ್ದ ಸಾಲು. ಎತ್ತು ಕಂಡಿರಲಿಲ್ಲ.

ಅಧ್ಯಾಯ ಹರಿದುಹಾಕಿ ಮತ್ತೆ ಬರೆದಿದ್ದೇನೆ. ಈಗ ಮೊದಲ ವಾಕ್ಯ ಹೀಗಿದೆ: ‘ನಿಮ್ಮ ತಾತನ ಕಾಲದಲ್ಲಿ ಸೋಮವಾರ ಎತ್ತಿಗೆ ರಜೆ ಇತ್ತು; ಎತ್ತಿಗೂ, ಆಳಿಗೂ, ಒಡೆಯನಿಗೂ ಒಂದೇ ದಿನ ರಜೆ ಕೊಟ್ಟ ಒಂದು ಜನಾಂಗದ ಕಥೆ ಇದು.’ ನಿಮಗೆ ನಿದ್ದೆ ಬಂದರೆ ತಿಳಿಸಿ.

ದೇವರ ಹೆಸರಿನ ಅಧ್ಯಾಯವೂ ಬದಲಾಯಿತು. ಅವರ ದೇವರ ಹೆಸರು ನಾಲ್ಕು ಅಕ್ಷರ. ಬರೆಯುತ್ತಾರೆ, ಆದರೆ ಬಾಯಲ್ಲಿ ಹೇಳುವುದಿಲ್ಲ. ಓದುವಾಗ ಆ ಜಾಗಕ್ಕೆ ‘ಒಡೆಯ’ ಎಂಬರ್ಥದ ಮಾತು ಹೇಳುತ್ತಾರೆ. ಇದನ್ನು ಮಕ್ಕಳಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾಗ ಅತ್ತೆ ನೆನಪಾದರು. ಮದುವೆಯಾಗಿ ಮೂವತ್ತು ವರ್ಷಕ್ಕೂ ಮಿಗಿಲಾಯಿತು, ಒಂದು ಸಲವೂ ನಿಮ್ಮ ಹೆಸರು ಹೇಳಿಲ್ಲ. ರೇಷನ್ ಅಂಗಡಿಯಲ್ಲೂ ‘ನಮ್ಮನೆಯೋರು’ ಅಂತಲೇ ಬರೆಸಲು ಹೊರಟಿದ್ದರಲ್ಲ! ಗೌರವಕ್ಕೂ ಪ್ರೀತಿಗೂ ನಾಲಿಗೆ ತಡೆಯುವುದುಂಟು ಎಂದು ಬರೆದಿದ್ದೇನೆ. ಹೋಲಿಕೆ ದೇವರಿಗೂ ನಿಮಗೂ ಅಲ್ಲ, ದಯವಿಟ್ಟು ಹಿಗ್ಗಬೇಡಿ.

ಕೊನೆಯದಾಗಿ, ಆ ನಾಲ್ಕು ಅಕ್ಷರ ಇಪ್ಪತ್ತೊಂದನೇ ಪುಟದಲ್ಲಿ ಹೀಬ್ರೂವಿನಲ್ಲೇ ಬರುತ್ತವೆ. ಅವರ ಬರಹ ಬಲದಿಂದ ಎಡಕ್ಕೆ. ಅವರ ಪುಸ್ತಕ ತೆರೆಯುವುದೂ ಬಲಗಡೆಯಿಂದ. ಅಚ್ಚಿನವರು ಇದನ್ನು ಮರೆತು ಉಲ್ಟಾ ಮಾಡಿದರೆ ಇಡೀ ಪುಸ್ತಕವೇ ಕೆಟ್ಟಂತೆ. ಇದೊಂದನ್ನು ನೀವೇ ಮುಂದೆ ನಿಂತು ನೋಡಿಕೊಳ್ಳಿ.

ಅವಿವಾಳನ್ನು ನಾನು ಕೇಳಿದೆನೆಂದು ಹೇಳಿ. ಆರ್ಡರಿಗೂ ಅವಳಿಗೂ ಏನೂ ಸಂಬಂಧವಿಲ್ಲದಿದ್ದರೂ.

ಪೂಜಿತಾ


ಶಿವಾಜಿನಗರ
23 ಸೆಪ್ಟೆಂಬರ್ 2024

ಸೊಸೆ ಪೂಜಿತಾ,

ಮೊನ್ನೆ ನಿನ್ನ ಹಸ್ತಪ್ರತಿ ತೋರಿಸಿ ತಿದ್ದಿಸಿಕೊಂಡು ಬರೋಣ ಅಂತ ದೀನಮ್ಮನವರ ಮನೆಗೆ ಸ್ಕೂಟರ್ ಬಿಟ್ಟೆ. ಶನಿವಾರ ಮಧ್ಯಾಹ್ನ. ಹೌದು, ಶನಿವಾರ. ಶನಿವಾರದ ರಜೆಯ ಬಗ್ಗೆ ಹನ್ನೆರಡು ಪುಟ ಕಂಕುಳಲ್ಲಿಟ್ಟುಕೊಂಡು ಶನಿವಾರವೇ ಹೋದೆ.

ಬಾಗಿಲು ತೆರೆದವರೇ ನಕ್ಕರು. ‘ಅಮೃತಪ್ಪ, ಇವತ್ತು ನಾನು ಪೆನ್ನು ಮುಟ್ಟಲ್ಲ. ಕೂತ್ಕೊಳ್ಳಿ, ಸಂಜೆ ನೋಡೋಣ’ ಅಂದರು.

‘ನಾನೇ ಓದ್ತೀನಿ ಅಮ್ಮ, ನೀವು ಹೇಳಿ, ನಾನೇ ತಿದ್ಕೋತೀನಿ.’

‘ನಿಮ್ಮ ಕೈಲಿ ಕೆಲಸ ಮಾಡಿಸಿದ್ರೆ ನಿಮಗೆಲ್ಲಿ ರಜ? ಸುಮ್ನೆ ಕೂತ್ಕೊಳ್ರೀ.’

ಹಿಂದಿನ ಸಂಜೆಯೇ ತುಂಬಿಟ್ಟಿದ್ದ ಫ್ಲಾಸ್ಕಿನಿಂದ ಟೀ ಕೊಟ್ಟರು. ಕೂತೆ. ಪೂಜಿತಾ, ನಿನ್ನ ಮಾವ ಜೀವಮಾನದಲ್ಲಿ ಒಂದು ಮಧ್ಯಾಹ್ನ ವ್ಯಾಪಾರ ಮಾತಾಡದೆ ಕೂತದ್ದಿಲ್ಲ. ಮೊದಲ ಅರ್ಧ ಗಂಟೆ ಕಾಲು ಕುಣಿಸಿದೆ. ಆಮೇಲೆ ಗೋಡೆ ಮೇಲಿದ್ದ ಅವರ ಯಜಮಾನರ ಫೋಟೋದ ಕಥೆ ಕೇಳಿದೆ. ಆಮೇಲೆ ಎದುರು ಮನೆ ಬೇವಿನ ಮರದಲ್ಲಿ ಅಳಿಲು ಇಳಿದು ಹತ್ತುವುದನ್ನು ಇಬ್ಬರೂ ನೋಡಿದೆವು. ಕತ್ತಲಾಗುತ್ತಾ ಬಂತು, ಲೈಟ್ ಹಾಕಲಿಲ್ಲ. ಕರೆಂಟ್ ಬಿಲ್ ಉಳಿಸುತ್ತಾರೇನೋ ಅಂದುಕೊಂಡು ನಾನೇ ಎದ್ದು ಸ್ವಿಚ್ಚಿಗೆ ಕೈ ಹಾಕಿದೆ. ಒಳಗಿನಿಂದ ಅವಿವಾ, ‘ಅಂಕಲ್! ಬೇಡ! ಇನ್ನೂ ಮುಗ್ದಿಲ್ಲ!’ ಅಂತ ಕೂಗಿದಳು.

‘ಯಾವಾಗ ಮುಗಿಯುತ್ತಮ್ಮ?’

‘ಮೂರು ನಕ್ಷತ್ರ ಕಂಡಾಗ.’

ಬೆಂಗಳೂರಿನ ಮೋಡದಲ್ಲಿ ಎಲ್ಲಿಯ ನಕ್ಷತ್ರ? ದೀನಮ್ಮ, ‘ನೀವೇ ಅಚ್ಚು ಹಾಕಿದ ಕ್ಯಾಲೆಂಡರ್‌ನಲ್ಲಿ ಟೈಮ್ ಇದೆಯಲ್ಲ’ ಅಂದರು. ಎಷ್ಟೋ ವರ್ಷದಿಂದ ನಾನು ಅಚ್ಚು ಹಾಕಿದ ಆ ಅಂಕಿಗಳು ರಜೆ ಶುರುವಾಗುವ, ಮುಗಿಯುವ ಹೊತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಆರ್ಡರ್ ನಂಬರ್ ಅಂದುಕೊಂಡಿದ್ದೆ.

ಸಮಯ ಆದಮೇಲೆ ಒಂದು ಬತ್ತಿ ಹಚ್ಚಿದರು. ಒಂದು ಡಬ್ಬಿಯಲ್ಲಿ ಲವಂಗ ಇಟ್ಟು ಮೂಸಿ, ನನ್ನ ಮೂಗಿಗೂ ಹಿಡಿದರು. ಹೋಗುತ್ತಿರುವ ರಜೆಯ ಪರಿಮಳ ವಾರಪೂರ್ತಿ ಉಳಿಯಲಿ ಅಂತ. ಅದಾದಮೇಲೆ ಪೆನ್ನು ಎತ್ತಿದರು ನೋಡು, ನಿನ್ನ ಪುಟಗಳೆಲ್ಲ ಕುಂಕುಮದ ತಟ್ಟೆಯಾದವು. ‘ಎಲ್ಲಾ ಸರಿಯಾಗಿ ಬರ್ದಿದಾಳೆ ನಿಮ್ ಸೊಸೆ, ಆದ್ರೆ ನಮ್ ಏಲಿಯಾ ಪ್ರವಾದಿ ಎಲ್ಲಿ? ಮಲೀದಾ ಎಲ್ಲಿ? ಅವಲಕ್ಕಿ ಇಲ್ದೆ ನಾವು ಯಾವ ಶುಭ ಕಾರ್ಯ ಮಾಡಿದೀವಿ?’ ಅಂತ ಕೇಳಿದರು. ಮಲೀದಾ ಅಂದರೆ ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ. ಸುತ್ತ ಹಣ್ಣು. ಹರಕೆ ತೀರಿದಾಗ, ಮದುವೆ ಗೊತ್ತಾದಾಗ, ಹೊಸ ಮನೆಗೆ ಹೋದಾಗ ಆ ಪ್ರವಾದಿಯನ್ನು ನೆನೆದು ಹಂಚುತ್ತಾರೆ. ಬರೆದು ಕಳಿಸು.

ನಿನ್ನ ಎಚ್ಚರಿಕೆ ಮರೆತಿಲ್ಲ. ಬಲಗಡೆಯಿಂದ! ನಾನೇ ಮುಂದೆ ನಿಲ್ಲುತ್ತೇನೆ.

ಇಂತಿ, ಒಂದು ಶನಿವಾರ ಪೂರ್ತಿ ಆಚರಿಸಿದ
ಅಮೃತಪ್ಪ


ಧಾರವಾಡ
14 ಅಕ್ಟೋಬರ್ 2024

ಮಾವಾ,

ಮಲೀದಾ ಅಧ್ಯಾಯ ಇದರೊಂದಿಗಿದೆ. ಬರೆಯುತ್ತಾ ನಾನೇ ಅವಲಕ್ಕಿ ನೆನೆಸಿ ತಿಂದೆ. ಇದು ಪುಸ್ತಕದ ಅತ್ಯುತ್ತಮ ಅಧ್ಯಾಯ. ನಾನು ವರ್ಷಗಟ್ಟಲೆ ಓದಿದ ಯಾವ ಗ್ರಂಥದಲ್ಲೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ದೀನಾ ಆಂಟಿಗೆ ನನ್ನ ನಮಸ್ಕಾರ. ಅಚ್ಚಿಗೆ ಮುಂಚೆ ಕೊನೆಯ ಪ್ರೂಫ್ ಕಳಿಸಿ.

ಪೂಜಿತಾ


ಧಾರವಾಡ
11 ನವೆಂಬರ್ 2024

ಮಾವಾ,

ಪ್ರೂಫ್ ಬರಲಿಲ್ಲ. ಮತ್ತೆರಡು ಕಾಗದ ಹಾಕಿದೆ, ಉತ್ತರವಿಲ್ಲ. ಫೋನ್ ಮಾಡಿದರೆ ಅತ್ತೆ ಎತ್ತಿ, ‘ನಮ್ಮನೆಯೋರು ಹೊಸದೊಂದು ಪುಸ್ತಕ ತಂದಿಟ್ಕೊಂಡು ಅದನ್ನೇ ನೋಡ್ತಾ ಕೂತವ್ರೆ, ಊಟಾನೂ ಸರಿಯಾಗಿ ಮಾಡ್ತಿಲ್ಲ’ ಎಂದರು. ಪುಸ್ತಕ ಬಂದಿದೆಯೇ? ನನಗೆ ಯಾಕೆ ಕಳಿಸಿಲ್ಲ? ಮತ್ತೆ ಈರುಳ್ಳಿಯೇ?

ಪೂಜಿತಾ


ಶಿವಾಜಿನಗರ
18 ನವೆಂಬರ್ 2024

ಸೊಸೆ ಪೂಜಿತಾ,

ಈರುಳ್ಳಿ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಪುಸ್ತಕ ಅಮೋಘವಾಗಿ ಬಂದಿದೆ. ಮುಖಪುಟದಲ್ಲಿ ಒಂದು ಎತ್ತು ಮಲಗಿ ಮೆಲುಕು ಹಾಕುತ್ತಿದೆ. ದೇವರ ಪಟವಿಲ್ಲ, ಎತ್ತಿಗೆ ಗಡ್ಡವೂ ಇಲ್ಲ. ಕಾಗದ ಎಷ್ಟು ನುಣುಪು ಅಂದರೆ ನೊಣ ಕೂತರೆ ಜಾರುತ್ತದೆ. ಆ ಭಾರೀ ಸಂಸ್ಥೆಯವರು ನೋಡಿ ಮೂಕರಾದರು.

ಕೊರಿಯರ್ ಹುಡುಗರ ಮುಷ್ಕರ, ಅದಕ್ಕೇ ನಿನಗೆ ತಲುಪಿಲ್ಲ.

ಹೋಗಲಿ, ಸುಮ್ಮನೆ ಜ್ಞಾನಕ್ಕೆ ಅಂತ ಒಂದು ಪ್ರಶ್ನೆ. ಅವರ ದೇವರ ಹೆಸರು ಅಚ್ಚಾದ ಕಾಗದ ಯಾವುದೋ ಕಾರಣಕ್ಕೆ ಬೇಡವಾಯಿತು ಅಂತಿಟ್ಟುಕೋ. ನಮ್ಮ ಕಸುಬಿನಲ್ಲಿ ಕೆಟ್ಟ ಅಚ್ಚು ರದ್ದಿಗೆ ಹೋಗುತ್ತದೆ, ಕೆ.ಜಿ. ಲೆಕ್ಕ. ಅವರಲ್ಲಿ ಹೇಗೆ? ಅವಸರವಿಲ್ಲ. ಆದರೆ ಬೇಗ ಬರಿ.

ಅಮೃತಪ್ಪ


ಧಾರವಾಡ
21 ನವೆಂಬರ್ 2024
(ಸ್ಪೀಡ್ ಪೋಸ್ಟ್)

ಮಾವಾ,

ರದ್ದಿಗೆ ಹಾಕಬೇಡಿ! ಆ ನಾಲ್ಕು ಅಕ್ಷರಗಳಿರುವ ಹಾಳೆಯನ್ನು ಅವರು ಹರಿಯುವುದಿಲ್ಲ, ಸುಡುವುದಿಲ್ಲ, ಕಸಕ್ಕೆ ಎಸೆಯುವುದಿಲ್ಲ. ಹಳತಾದ ಪುಸ್ತಕವನ್ನು ಎತ್ತಿಟ್ಟು, ಮನುಷ್ಯರಿಗೆ ಮಾಡುವ ಹಾಗೆಯೇ ಮಣ್ಣು ಮಾಡುತ್ತಾರೆ.

ನೀವು ಯಾವತ್ತೂ ಜ್ಞಾನಕ್ಕೆ ಅಂತ ಪ್ರಶ್ನೆ ಕೇಳಿದವರಲ್ಲ. ಏನು ಮಾಡಿದಿರಿ?

ಪೂಜಿತಾ


ಶಿವಾಜಿನಗರ
28 ನವೆಂಬರ್ 2024

ಸೊಸೆ ಪೂಜಿತಾ,

ನಿನ್ನ ಮಾತನ್ನು ಅಕ್ಷರಶಃ ಪಾಲಿಸಿದೆ, ಅದೇ ನಾನು ಮಾಡಿದ್ದು. ‘ಅವರ ಪುಸ್ತಕ ತೆರೆಯುವುದು ಬಲಗಡೆಯಿಂದ, ಮರೆತರೆ ಇಡೀ ಪುಸ್ತಕ ಕೆಟ್ಟಂತೆ’ ಅಂತ ಬರೆದವಳು ನೀನು. ಯೆಹೂದಿಗಳ ಪುಸ್ತಕ, ಬಲಗಡೆಯಿಂದ ತೆರೆಯಬೇಕು. ಸರಿ, ಬಲಗಡೆಯಿಂದಲೇ ಕಟ್ಟಿಸಿದೆ. ಒಂದು ಸಾವಿರ ಪ್ರತಿ.

ಬೈಂಡಿಂಗ್ ಮಾಡಿದ್ದು ನಮ್ಮ ಓವೈಸ್. ಅವನ ಅಪ್ಪನ ಕಾಲದಿಂದಲೂ ಉರ್ದು ಪುಸ್ತಕ ಕಟ್ಟುವವರು. ಬೇರೆ ಯಾವ ಬೈಂಡರ್ ಆಗಿದ್ದರೂ ‘ಏನಣ್ಣ ಇದು ಉಲ್ಟಾ’ ಅಂತ ಕೇಳುತ್ತಿದ್ದ. ಇವನು ಕುಣಿದುಬಿಟ್ಟ. ‘ಅರೆ ಅಮೃತಪ್ಪ ಭಾಯ್, ಇಷ್ಟು ವರ್ಷಕ್ಕೆ ಇವತ್ತು ಒಂದು ಸೀದಾ ಪುಸ್ತಕ ತಂದ್ರಿ!’ ಅಂದ. ಅವನೂ ನಾನೂ ಮಾಸ್ಕ್ ರೋಡಿಗೆ ಹೋಗಿ ಬಿರಿಯಾನಿ ತಿಂದೆವು. ಬಿಲ್ಲು ನಾನೇ ಕೊಟ್ಟೆ.

ಮನೆಗೆ ತಂದು ನಿನ್ನ ಅತ್ತೆಯ ಕೈಗೆ ಕೊಟ್ಟೆ. ಅವಳು ಎಲ್ಲರ ಹಾಗೆ ತೆರೆದಳು. ‘ಇದೇನ್ರೀ, ಅರವತ್ತನಾಲ್ಕನೇ ಪುಟದಿಂದ ಶುರುವಾಗುತ್ತೆ?’ ಅಂದಳು. ಆ ಹೊತ್ತಿಗೆ ನನಗೆ ಅರ್ಥವಾಯಿತು. ಕನ್ನಡದ ಸಾಲು ಎಡದಿಂದ ಬಲಕ್ಕೆ ಹೋಗುತ್ತದೆ, ಹಾಳೆ ಮಾತ್ರ ಬಲದಿಂದ ಎಡಕ್ಕೆ ಬರುತ್ತದೆ. ಓದುವವನು ಏಡಿಯ ಹಾಗೆ ಓದಬೇಕು. ಅಂಟಿಸಿದ ಬೆನ್ನು ಕತ್ತರಿಸಿ ತಿರುಗಿ ಕಟ್ಟಿಸೋಣ ಅಂತ ಹತ್ತು ಪ್ರತಿ ನೋಡಿದೆವು. ಅಂಚಿನ ಜೊತೆ ಅಕ್ಷರವೂ ಹೋಯಿತು. ಮತ್ತೆ ಅಚ್ಚು ಹಾಕುವುದೊಂದೇ ದಾರಿ.

ಹಾಕಿಸಿದೆ, ಐನೂರು. ಈ ಸಲ ಎಡಗಡೆಯಿಂದ. ಓವೈಸ್ ಬೇಜಾರು ಮಾಡಿಕೊಂಡು ಕಟ್ಟಿದ.

ನಷ್ಟ ಏನೂ ಇಲ್ಲ, ಐದು ಸಾವಿರ ಇರಬಹುದು.

ಈಗ ಮುಖ್ಯ ಕಥೆ. ನಿನ್ನ ಸ್ಪೀಡ್ ಪೋಸ್ಟ್ ಬಂದದ್ದು ಶನಿವಾರ ಸಂಜೆ. ಉಲ್ಟಾ ಪುಸ್ತಕಗಳೆಲ್ಲ ರದ್ದಿಯವನ ಟೆಂಪೋದಲ್ಲಿ ಹೋದದ್ದು ಅದೇ ಬೆಳಿಗ್ಗೆ. ‘ಮನುಷ್ಯರಿಗೆ ಮಾಡುವ ಹಾಗೆಯೇ’ ಅಂತ ನೀನು ಬರೆದದ್ದನ್ನು ಓದಿದೆ ನೋಡು. ದೀನಮ್ಮ ಲವಂಗ ಹಿಡಿದ ಕೈ ಕಣ್ಣ ಮುಂದೆ ಬಂತು. ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ, ಓಡಿದೆ. ಓವೈಸನಿಗೆ ವಿಷಯ ಹೇಳಿದರೆ ಅವನು ನನಗಿಂತ ಮುಂದೆ ಓಡಿದ. ‘ಖುದಾ ಹೆಸರಿರೋ ಕಾಗದ ರದ್ದಿಗೆ ಹಾಕಿದ್ರಾ ಭಾಯ್? ನಮ್ಮಲ್ಲೂ ಇದನ್ನು ಹೂಳ್ತಾರೆ, ಇಲ್ಲಾಂದ್ರೆ ಹರಿಯೋ ನೀರಿಗೆ ಬಿಡ್ತಾರೆ. ನನ್ನನ್ನೊಂದು ಮಾತು ಕೇಳಬಾರದಾ?’ ದಾರಿಯುದ್ದಕ್ಕೂ ಬೈಗುಳ.

ರದ್ದಿಯವನ ಗೋದಾಮು ಬಸ್ ಸ್ಟಾಂಡಿನ ಹಿಂದೆ. ಕಟ್ಟುಗಳು ಹಾಗೇ ಇದ್ದವು. ಬೆಳಿಗ್ಗೆ ನನ್ನಿಂದ ಕೊಂಡದ್ದನ್ನು ಸಂಜೆ ನನಗೇ ಮೂರು ಪಟ್ಟು ರೇಟಿಗೆ ಮಾರಿದ. ‘ಡಿಮ್ಯಾಂಡ್ ಇದೆಯಲ್ಲಣ್ಣ’ ಅಂದ. ಆದರೆ ಒಂದು ಕಟ್ಟು ಆಗಲೇ ರಸೆಲ್ ಮಾರ್ಕೆಟ್ಟಿನ ಎದುರಿನ ಕಡಲೆಕಾಯಿ ಗಾಡಿಗೆ ಹೋಗಿತ್ತು.

ಗಾಡಿಯಲ್ಲಿ ನಿನ್ನ ಮಲೀದಾ ಅಧ್ಯಾಯ ಪೊಟ್ಟಣವಾಗಿ ಸಾಲಾಗಿ ನಿಂತಿತ್ತು, ಬಿಸಿ ಕಡಲೆಕಾಯಿ ತುಂಬಿಕೊಂಡು. ‘ಗುರು, ಎಲ್ಲಾ ಪೊಟ್ಟಣ ಕೊಡು’ ಅಂದೆ.

‘ಎಲ್ಲಾನಾ? ಮನೇಲಿ ಫಂಕ್ಷನ್ನಾ ಸಾರ್?’

‘ಮಣ್ಣು ಮಾಡೋದಿದೆ.’

ಅವನು ಎರಡು ಹೆಜ್ಜೆ ಹಿಂದೆ ಸರಿದ. ಆಗಲೇ ಮಾರಿದ್ದ ಪೊಟ್ಟಣಗಳನ್ನು ಓವೈಸ್ ಬಸ್ ಸ್ಟಾಂಡಿನಲ್ಲಿ ಹುಡುಕಿದ. ಒಬ್ಬಳು ಕಾಲೇಜು ಹುಡುಗಿ ಕೊಡಲಿಲ್ಲ. ಓದುತ್ತಿದ್ದಳಂತೆ. ‘ಅಂಕಲ್, ಎತ್ತಿಗೆ ರಜ ಕೊಟ್ಟಿದ್ದು ಮುಂದೆ ಏನಾಯ್ತು, ಇದ್ರ ಮುಂದಿನ ಹಾಳೆ ಇದೆಯಾ?’ ಅಂತ ಕೇಳಿದಳಂತೆ. ನಿನ್ನ ಮೊದಲ ಓದುಗಾರ್ತಿ ಕಣಮ್ಮ. ಅವಳ ಹಾಳೆಯಲ್ಲಿ ದೇವರ ಹೆಸರಿರಲಿಲ್ಲ, ಬಿಟ್ಟು ಬಂದ.

ಇಪ್ಪತ್ತೊಂದನೇ ಪುಟ ಒಂದೂ ತಪ್ಪಿಸಿಕೊಂಡಿಲ್ಲ. ಪ್ರೆಸ್ಸಿನ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದೇನೆ. ಮನೆಯಲ್ಲಿ ವಾರವೆಲ್ಲಾ ಕಡಲೆಕಾಯಿ ಚಟ್ನಿ, ಕಡಲೆಕಾಯಿ ಗೊಜ್ಜು, ಕಡಲೆಕಾಯಿ ಮಿಠಾಯಿ. ನಿನ್ನ ಅತ್ತೆ ಕಾರಣ ಕೇಳುತ್ತಿದ್ದಾಳೆ.

ದೀನಮ್ಮನಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಲಿ?

ಅಮೃತಪ್ಪ


ಧಾರವಾಡ
4 ಡಿಸೆಂಬರ್ 2024

ಮಾವಾ,

ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಿಮಗೆ ರೂಢಿಯಿಲ್ಲ, ಆದರೆ ಸಾಧ್ಯ. ಅರ್ಧ ತಪ್ಪು ನನ್ನದೂ ಎನ್ನಿ. ನಾನು ಬರೆದದ್ದು ಹೀಬ್ರೂವಿನ ಆ ಒಂದು ಸಾಲಿನ ಬಗ್ಗೆ. ಓದುವವರು ಯಾರು, ಅವರು ಏನಂದುಕೊಳ್ಳುತ್ತಾರೆ ಎಂದು ಯೋಚಿಸದೆ ಬರೆದೆ. ಪುಸ್ತಕ ಬರೆಯುವವಳಿಗೆ ಅದು ಸಣ್ಣ ತಪ್ಪಲ್ಲ.

ನಾನೂ ಇದ್ದದ್ದು ಹೇಳುತ್ತೇನೆ. ಭಾರೀ ಸಂಸ್ಥೆ ಯಾವುದೂ ಇಲ್ಲವೆಂದು ನನಗೆ ಸೆಪ್ಟೆಂಬರಿನಲ್ಲೇ ಗೊತ್ತಾಯಿತು, ‘ಸುಮ್ಮನೆ ಹೇಳಿದೆ’ ಎಂದು ನೀವು ಬರೆದ ದಿನ. ಈಗ ಖಾತ್ರಿಯೂ ಆಯಿತು, ಮೂರು ಸಾವಿರದ ಆರ್ಡರ್ ಇದ್ದವರು ಒಂದು ಸಾವಿರ ಅಚ್ಚು ಹಾಕಿಸುವುದಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ. ಅವಿವಾಗೋಸ್ಕರ ಬರೆಯುತ್ತಿದ್ದೇನೆಂದು ಒಪ್ಪಿಕೊಂಡಿದ್ದರೆ ಹೆದರಿ ಮತ್ತೆ ‘ಐತಿಹಾಸಿಕ ವಿಕಾಸ’ ಬರೆದುಬಿಡುತ್ತಿದ್ದೆ. ಎತ್ತಿನ ಹಿಂದೆ ಅಡಗಿಕೊಂಡೆ.

ಪರೀಕ್ಷೆಯ ಕೆಲಸ, ಇಪ್ಪತ್ತಕ್ಕೆ ಅವಿವಾಳ ಸ್ಕೂಲಿನ ಪ್ರದರ್ಶನಕ್ಕೆ ಬರಲಾಗುವುದಿಲ್ಲ. ಎಲ್ಲವನ್ನೂ ಬರೆಯಬೇಕು. ಕೊನೆಯಲ್ಲಿ ನಿಜವಾಗಿ ಎಷ್ಟು ಕಳೆದುಕೊಂಡಿರಿ ಎಂಬುದನ್ನೂ. ಐದು ಸಾವಿರ ಎಂಬ ಲೆಕ್ಕವನ್ನು ಓವೈಸ್ ಕೂಡ ನಂಬುವುದಿಲ್ಲ.

ಪೂಜಿತಾ


ಶಿವಾಜಿನಗರ
23 ಡಿಸೆಂಬರ್ 2024

ಸೊಸೆ ಪೂಜಿತಾ,

ಹೇಳಿದೆ. ಒಂದು ಉಲ್ಟಾ ಪುಸ್ತಕ ಕೈಲಿ ಹಿಡಿದು ಹೋಗಿ, ರದ್ದಿ, ಟೆಂಪೋ, ಕಡಲೆಕಾಯಿ, ಎಲ್ಲಾ ಹೇಳಿದೆ. ಭಾನುವಾರವೇ ಹೋಗಿದ್ದೆ, ಈಗ ನಾನು ವಾರ ನೋಡಿ ಹೋಗುವವನು. ದೀನಮ್ಮ ಕೈ ಚಾಚಿದರು. ಪುಸ್ತಕ ತೆಗೆದುಕೊಂಡು, ಪ್ರಾರ್ಥನೆ ಪುಸ್ತಕ ತೆರೆಯುವವರ ಹಾಗೆ ಬಲಗಡೆಯಿಂದಲೇ ತೆರೆದರು. ನಿನ್ನ ಎತ್ತು ಎದುರಿಗೆ ಬಂತು. ಮುಂದಿನ ಹಾಳೆ, ಅದರ ಮುಂದಿನದು. ಆಮೇಲೆ ನಗಲು ಶುರುಮಾಡಿದರು, ಪೂಜಿತಾ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು.

‘ಅಮೃತಪ್ಪ, ಬೆಂಗಳೂರಿಗೆ ಬಂದು ಐವತ್ತು ವರ್ಷ ಆಯ್ತು. ನಮ್ ಕಡೆಯಿಂದ ತೆರ್ಕೊಳ್ಳೋ ಕನ್ನಡ ಪುಸ್ತಕ ಇದೊಂದೇ ನೋಡಿದ್ದು’ ಅಂದರು.

ಇಪ್ಪತ್ತನೇ ತಾರೀಕು, ಶುಕ್ರವಾರ. ಇಂದಿರಾನಗರದ ಸ್ಕೂಲಿಗೆ ಹೋದೆ. ಅವಿವಾಗೆ ಈ ಸಲ ತನ್ನದೇ ಮೇಜು. ಮೇಲೆ ಲವಂಗದ ಡಬ್ಬಿ, ಮೇಣದ ಬತ್ತಿ, ತಟ್ಟೆಯಲ್ಲಿ ಮಲೀದಾ, ಪಕ್ಕದಲ್ಲಿ ನೆಟ್ಟಗೆ ಕಟ್ಟಿದ ನಿನ್ನ ಪುಸ್ತಕದ ರಾಶಿ. ಹೋದ ವರ್ಷದ ಆ ಮಿಸ್ಸೇ ಮೊದಲು ಬಂದರು. ಪುಸ್ತಕ ತಿರುವಿ, ‘ಇದು ಕ್ರಿಶ್ಚಿಯನ್ಸಿಗಿಂತ ಬೇರೇನಾ?’ ಅಂತ ಕೇಳಿದರು.

‘ಬೇರೆ ಮಿಸ್. ಯೇಸು ಹುಟ್ಟಿದ್ದು ನಮ್ಮನೇಲಿ, ಆಮೇಲೆ ಅವರ ಮನೆ ಬೇರೆ ಆಯ್ತು. ನೆಂಟರು. ಆದ್ರೆ ಒಂದೇ ಮೇಜು ಸಾಲಲ್ಲ’ ಅಂದಳು ಹುಡುಗಿ.

ಮಿಸ್ಸು ನಕ್ಕು, ‘ತಪ್ಪಾಯ್ತಮ್ಮ, ಕೂತು ಓದ್ತೀನಿ’ ಅಂತ ಒಂದು ಪ್ರತಿ ಕೊಂಡರು. ನಿಜವಾಗಿ ಕೂತು ಓದಿದರು. ಎತ್ತಿನ ಪುಟದಲ್ಲೇ ನಿಂತುಬಿಟ್ಟಿದ್ದರು.

ಆದರೆ ಜನ ಮುತ್ತಿದ್ದು ಬೇರೆಯದಕ್ಕೆ. ನನಗೆ ಹೇಳದೆ ಅಜ್ಜಿ, ಮೊಮ್ಮಗಳು ಆ ಒಂದು ಉಲ್ಟಾ ಪ್ರತಿಯನ್ನು ಮೇಜಿನ ನಡುವೆ ಇಟ್ಟು ಚೀಟಿ ಬರೆದಿದ್ದರು: ‘ನಮ್ಮ ಮನೆಯ ಪುಸ್ತಕ ಹೀಗೆ ತೆರೆಯುತ್ತದೆ. ತೆರೆದು ನೋಡಿ.’ ಇಡೀ ಸ್ಕೂಲು ಕ್ಯೂ ನಿಂತಿತು. ಒಬ್ಬ ದಪ್ಪ ಹುಡುಗ ಮೂರು ಸಲ ಬಂದು, ಮೂರು ಸಲವೂ ಎಡಗಡೆಯಿಂದ ತೆರೆದು, ‘ಮಗಾ, ಕೈನೇ ಹೋಗಲ್ಲ ಕಣೋ!’ ಅಂತ ನಕ್ಕ. ‘ನಮಗೆ ದಿನಾ ಹಿಂಗೇ’ ಅಂದಳು ಅವಿವಾ. ಆಮೇಲೆ ಅವನ ಕೈ ಹಿಡಿದು ಬಲಗಡೆಯಿಂದ ತೆರೆಸಿದಳು. ಪ್ರಿನ್ಸಿಪಾಲರು ನನ್ನ ಕೈ ಕುಲುಕಿ ‘ವಂಡರ್‌ಫುಲ್ ಐಡಿಯಾ’ ಅಂದರು. ಮೊದಲಿನಿಂದ ಅದೇ ನನ್ನ ಯೋಜನೆ ಅಂತ ಹೇಳಿದ್ದೇನೆ. ಯಾರಾದರೂ ಕೇಳಿದರೆ ನೀನೂ ಹಾಗೇ ಹೇಳು.

ನಿನ್ನೆ ಭಾನುವಾರ ಉಳಿದವನ್ನು ಊರಿಗೆ ಒಯ್ದೆವು. ನಾನು, ನಿನ್ನ ಅತ್ತೆ, ಓವೈಸ್, ದೀನಮ್ಮ, ಅವಿವಾ. ನಮ್ಮ ಹಿತ್ತಿಲಲ್ಲಿ ತಾತನ ಗಾಣದ ಕಲ್ಲು ಹಾಗೇ ನೆಲ ಕಚ್ಚಿ ಕೂತಿದೆಯಲ್ಲ, ಅದರ ಪಕ್ಕ ಗುಂಡಿ ತೋಡಿದೆವು. ಓವೈಸ್ ಕಟ್ಟುಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಬೆನ್ನು ಕಟ್ಟುವಷ್ಟೇ ನಾಜೂಕಿನಿಂದ ಇಳಿಸಿದ. ದೀನಮ್ಮ ನಾಲ್ಕು ಮಾತು ಹೇಳಿ ಮೊದಲ ಹಿಡಿ ಮಣ್ಣು ಹಾಕಿದರು. ಆಮೇಲೆ ಆ ಕಲ್ಲಿನ ಮೇಲೆ ಕೈಯಾಡಿಸಿ, ‘ನಮ್ಮೂರಲ್ಲೂ ಹೀಗೇ ಒಂದಿತ್ತಂತೆ’ ಅಂದರು. ‘ಶನಿವಾರದವ್ರೂ ಸೋಮವಾರದವ್ರೂ ಸೇರಿ ಭಾನುವಾರ ಬಂದಿದೀವಿ ನೋಡಿ’ ಅಂದೆ. ‘ಶುಕ್ರವಾರದವನು ನಾನಿಲ್ವಾ?’ ಅಂದ ಓವೈಸ್. ಎಲ್ಲರೂ ಕಲ್ಲಿನ ಸುತ್ತ ಕೂತು ಮಲೀದಾ ತಿಂದೆವು. ದುಃಖದ ಕೆಲಸಕ್ಕೆ ಮಲೀದಾ ಮಾಡುವುದಿಲ್ಲವಂತೆ. ‘ಇದು ದುಃಖದ್ದಲ್ಲ, ಪುಸ್ತಕ ಬಂದ ಸಂತೋಷದ್ದು’ ಅಂತ ದೀನಮ್ಮನೇ ಮಾಡಿ ತಂದಿದ್ದರು. ಅವಿವಾ ಮುಂದಿನ ವರ್ಷದ ಪ್ರದರ್ಶನಕ್ಕೆ ನಿನ್ನನ್ನೇ ಕರೆಸಬೇಕಂತೆ. ಪರೀಕ್ಷೆ ಗಿರೀಕ್ಷೆ ಅನ್ನಬೇಡ, ಈಗಲೇ ರಜೆ ಬರೆದಿಡು.

ಎಲ್ಲಾ ಚೆನ್ನಾಗಿತ್ತು. ವಾಪಸ್ ಬರುವಾಗ ವ್ಯಾನಿನಲ್ಲಿ ಓವೈಸ್ ಬಾಯಿ ಬಿಟ್ಟ. ‘ಅಕ್ಕಾ, ಭಾಯ್ ಹೆಂಗೆ ತಡ್ಕೊಂಡ್ರೋ, ಎರಡು ಸಲ ಅಚ್ಚು ಅಂದ್ರೆ ಹುಡುಗಾಟಾನಾ’ ಅಂದ. ನಿನ್ನ ಅತ್ತೆ ನನ್ನ ಕಡೆ ತಿರುಗಿದಳು. ನಾನು ಹೆದರಿ ಹನ್ನೆರಡು ಸಾವಿರ ಅಂದೆ. ಆಗ ಆದದ್ದನ್ನು ನೀನು ನಂಬುವುದಿಲ್ಲ. ಇಡೀ ವ್ಯಾನಿಗೆ ಕೇಳಿಸುವ ಹಾಗೆ, ಮದುವೆಯಾದಂದಿನಿಂದ ಮೊದಲ ಸಲ, ನನ್ನ ಹೆಸರು ಹಿಡಿದು ಕೂಗಿದಳು: ‘ಅಮೃತಪ್ಪಾ!’

ದೀನಮ್ಮ, ‘ಇದಕ್ಕೇ ನೋಡಿ, ನಾವು ಹೆಸರು ಹೇಳದೇ ಇರೋದು’ ಅಂದರು. ಕೆ.ಆರ್. ಪುರದ ತೂಗು ಸೇತುವೆ ದಾಟುವವರೆಗೂ ಎಲ್ಲರೂ ನಕ್ಕರು, ನಿನ್ನ ಅತ್ತೆಯೂ.

ಗೌರವಧನ ವಾಪಸ್ ಕಳಿಸುತ್ತೇನೆ ಅಂತ ಮಾತ್ರ ಬರೆಯಬೇಡ. ಅದು ನಾನು ಕೊಟ್ಟದ್ದಲ್ಲ, ಭಾರೀ ಸಂಸ್ಥೆ ಕೊಟ್ಟದ್ದು. ಆ ಸಂಸ್ಥೆಗೆ ಏಳನೇ ಕ್ಲಾಸು ಓದಿದ ಒಬ್ಬನೇ ಅಧ್ಯಕ್ಷ, ಅಷ್ಟೇ.

ನೀನು ಕೇಳಿದ ಲೆಕ್ಕ ಹೇಳುತ್ತೇನೆ. ಈ ಕಾಗದ ಓದಿ ಹರಿದುಹಾಕು. ಇದರಲ್ಲಿ ದೇವರ ಹೆಸರಿಲ್ಲ, ನನ್ನದು ಮಾತ್ರ ಇದೆ. ಐದು ಸಾವಿರವೂ ಅಲ್ಲ, ಹನ್ನೆರಡೂ ಅಲ್ಲ. ಅರವತ್ತೊಂದು ಸಾವಿರದ ನಾನೂರು ರೂಪಾಯಿ. ಕಡಲೆಕಾಯಿಯೂ ಸೇರಿ.